ಹಾರ್ಲಿಕ್ಸ್ ಬಾಟಲಿ ಹಿಡಿದು ಬರುವ ಬಂಧುಗಳಿಗೆ

ಕ್ಯಾನ್ಸರ್ ಬಂದವರನ್ನು ‘ನೋಡಿಕೊಂಡು ಹೋಗಲು’ ಬರುವ ಚಿಕ್ಕಪ್ಪ-ಚಿಕ್ಕಮ್ಮಂದಿರೇ, ಸೋದರಮಾವಂದಿರೇ, ಬೀಗರೇ, ಪಕ್ಕದ ಮನೆಯವರೇ, ದೂರದ ಊರಿನಿಂದ ವಿಡಿಯೊ ಕಾಲ್ ಮಾಡುವ ಅಣ್ಣ-ತಮ್ಮಂದಿರೇ,

ನೀವು ಬರುವುದು ಪ್ರೀತಿಯಿಂದಲೇ. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಸುದ್ದಿ ಕಿವಿಗೆ ಬಿದ್ದ ವಾರದೊಳಗೆ ಹಾರ್ಲಿಕ್ಸ್ ಬಾಟಲಿ, ಅರ್ಧ ಡಜನ್ ಮೂಸಂಬಿ, ಒಂದು ಪೌಂಡ್ ಬ್ರೆಡ್ಡು ಹಿಡಿದು ಬಾಗಿಲಲ್ಲಿ ನಿಲ್ಲುತ್ತೀರಿ. ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ದನಿ ತಗ್ಗಿಸಿ, ‘ಏನೂ ಆಗಲ್ಲ, ದೇವರಿದ್ದಾನೆ’ ಅನ್ನುತ್ತೀರಿ. ಅಷ್ಟರಲ್ಲಿ ಒಳಗಿನಿಂದ ಕಾಫಿ ಬರುತ್ತದೆ. ಕಾಫಿ ತಂದವಳ ಮುಖ ನೋಡುವ ಪುರುಸೊತ್ತು ಮಾತ್ರ ಹೆಚ್ಚಿನವರಿಗೆ ಇರುವುದಿಲ್ಲ.

ಅವಳಿಗೆ ಅವತ್ತು ನಿಮ್ಮದು ಮೂರನೇ ತಂಡ. ಗಂಟು ಕಂಡದ್ದು ಯಾವಾಗ, ಮೊದಲು ತೋರಿಸಿದ್ದು ಯಾರಿಗೆ, ಬಯಾಪ್ಸಿಯಲ್ಲಿ ಏನು ಬಂತು, ಎಷ್ಟನೇ ಸ್ಟೇಜು, ಇಲ್ಲಿಯವರೆಗೆ ಖರ್ಚೆಷ್ಟು, ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಹೇಳುವಾಗ ರೋಗಿಯ ಕಿವಿಗೆ ಬೀಳದಂತೆ ಅಡುಗೆಮನೆಗೆ ಕರೆದೊಯ್ದು ಹೇಳಬೇಕು. ಕೇಳಿದ ನೀವು ಕಣ್ಣೊರೆಸಿಕೊಂಡರೆ ಸಮಾಧಾನ ಮಾಡುವ ಕೆಲಸವೂ ಅವಳ ಪಾಲಿಗೇ. ನೀವು ಹೊರಟ ಮೇಲೆ ಲೋಟ ತೊಳೆದು, ನಾಳೆಯ ರಕ್ತಪರೀಕ್ಷೆಯ ಚೀಟಿ ಹುಡುಕಿ, ರೋಗಿಗೆ ರಾತ್ರಿಯ ಮಾತ್ರೆ ಕೊಟ್ಟು ಮಲಗುವಾಗ ಹನ್ನೊಂದು ದಾಟಿರುತ್ತದೆ.

ಈ ಪತ್ರ ಅವಳ ಪರವಾಗಿ. ಅವಳು ಹೆಂಡತಿಯಾಗಿರಬಹುದು, ಮಗಳಾಗಿರಬಹುದು, ಬಹಳ ಮನೆಗಳಲ್ಲಿ ಸೊಸೆ. ಗಂಡಂದಿರೂ ಗಂಡುಮಕ್ಕಳೂ ಇದ್ದಾರೆ, ಅಮ್ಮನ ತಲೆ ತೊಳೆದು ಡಯಾಪರ್ ಬದಲಿಸುವ ಹುಡುಗರನ್ನು ಯಾವ ಕ್ಯಾನ್ಸರ್ ವಾರ್ಡಿನಲ್ಲಾದರೂ ನೋಡಬಹುದು. ಆದರೆ ಲೆಕ್ಕ ಯಾವ ಕಡೆ ವಾಲುತ್ತದೆ ಅನ್ನುವುದು ಗುಟ್ಟೇನಲ್ಲ. ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿತ್ತು. ಮಕ್ಕಳು, ಮುದುಕರು, ಕಾಯಿಲೆಯವರು ಎಲ್ಲರನ್ನೂ ಸೇರಿಸಿ, ಮನೆಯವರ ಆರೈಕೆ ಮಾಡುತ್ತಿದ್ದ ಹೆಂಗಸರ ಪ್ರಮಾಣ ಗಂಡಸರ ಸುಮಾರು ಎರಡರಷ್ಟಿತ್ತು. ಆ ಕೆಲಸಕ್ಕೆ ಕೈ ಹಾಕಿದ ಹೆಂಗಸು ದಿನಕ್ಕೆ ಸರಾಸರಿ 134 ನಿಮಿಷ ಅದಕ್ಕೆ ಕೊಡುತ್ತಿದ್ದಳು, ಗಂಡಸು 76 ನಿಮಿಷ. ಇದು ಎಲ್ಲ ಮನೆಗಳ ಸರಾಸರಿ. ಮನೆಗೆ ಕ್ಯಾನ್ಸರ್ ಕಾಲಿಟ್ಟ ಮೇಲೆ ನಿಮಿಷದ ಲೆಕ್ಕ ಇಡುವವರು ಯಾರು?

2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದೇ ವರ್ಷ 14 ಲಕ್ಷಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಕ್ಯಾನ್ಸರ್ ಕಾಣಿಸಿಕೊಂಡಿತು. ಅಂದರೆ ಪ್ಲಾಸ್ಟಿಕ್ ಕವರಿನಲ್ಲಿ ಫೈಲು ಹಿಡಿದು ರೋಗಿಯ ಹಿಂದೆ ನಡೆಯುವವರೂ ಕಡಿಮೆಯೆಂದರೆ ಅಷ್ಟೇ ಮಂದಿ. ಆ ಫೈಲು ಹಿಡಿದವಳ ಒಂದು ದಿನವನ್ನು ಸ್ವಲ್ಪ ನೋಡಿ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ 1973ರಿಂದ ಕರ್ನಾಟಕದ ಮೂಲೆಮೂಲೆಯಿಂದ, ಪಕ್ಕದ ಆಂಧ್ರ-ತಮಿಳುನಾಡಿನಿಂದಲೂ ಜನ ಬರುತ್ತಿದ್ದಾರೆ. ಹಿರಿಯೂರಿನಿಂದಲೋ ಹೂವಿನಹಡಗಲಿಯಿಂದಲೋ ರಾತ್ರಿ ಬಸ್ಸು ಹತ್ತಿದವರು ನಸುಕಿಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಜತೆಗೆ ಬರುವ ಹೆಂಗಸಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಚಾರ್ಜಾದರೂ ಉಳಿಯುತ್ತದೆ. ರೋಗಿಯನ್ನು ಒಂದು ಬೆಂಚಿನ ಮೇಲೆ ಕೂರಿಸಿ ಸಾಲಿನಲ್ಲಿ ನಿಲ್ಲುವುದರಿಂದ ದಿನ ಶುರು. ಮೊದಲು ರಕ್ತ ಕೊಡಬೇಕು. ಬಿಳಿ ರಕ್ತಕಣ, ಪ್ಲೇಟ್ಲೆಟ್, ಮೂತ್ರಪಿಂಡದ ಲೆಕ್ಕ ಬಂದು, ಡಾಕ್ಟರು ನೋಡಿ ಸೈ ಅಂದ ಮೇಲೆ ಔಷಧದ ಚೀಟಿ, ಆಮೇಲೆ ಹಾಸಿಗೆ, ಆಮೇಲೆ ಡ್ರಿಪ್. ಕೌಂಟು ಕಡಿಮೆ ಬಂತೋ, ‘ಈ ವಾರ ಕೀಮೋ ಬೇಡ, ಮುಂದಿನ ವಾರ ಬನ್ನಿ’. ಮತ್ತೆ ಅದೇ ಬಸ್ಸು. ಇಷ್ಟರ ನಡುವೆ ಒಬ್ಬಳೇ ಇದ್ದರೆ ಮೂತ್ರಕ್ಕೆ ಹೋಗುವುದೂ ಒಂದು ಸಮಸ್ಯೆ. ಫೈಲು ಯಾರ ಕೈಗೆ ಕೊಡುವುದು, ರೋಗಿಯನ್ನು ಯಾರ ಕಣ್ಣಳತೆಯಲ್ಲಿ ಬಿಡುವುದು?

ಉತ್ತರ ಕರ್ನಾಟಕದವರ ದಾರಿ ಇನ್ನೊಂದು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಇದೆ. ಆದರೂ ವಿಜಯಪುರ, ಕಲಬುರಗಿ ಕಡೆಯ ಅನೇಕರು ಸೊಲ್ಲಾಪುರ ದಾಟಿ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಗೋ, ಇನ್ನೂ ಮುಂದೆ ಮುಂಬೈನ ಟಾಟಾಕ್ಕೋ ಹೋಗುತ್ತಾರೆ. ಅಲ್ಲಿ ಔಷಧಕ್ಕಿಂತ ಮೊದಲು ಎದುರಾಗುವುದು ತಂಗುವ ಪ್ರಶ್ನೆ. ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆ ಅಂಥವರನ್ನು ದಶಕಗಳಿಂದ ಸಾಕುತ್ತಿದೆ. ರೋಗಿ ಮಗುವಾಗಿದ್ದರೆ, ಸೇಂಟ್ ಜೂಡ್ ಎಂಬ ಸಂಸ್ಥೆ 2006ರಿಂದ ತಂದೆ-ತಾಯಿಯ ಸಮೇತ ಪುಕ್ಕಟೆ ವಸತಿ ಕೊಡುತ್ತಿದೆ. ಇವೆರಡೂ ತುಂಬಿದ್ದರೆ ಆಸ್ಪತ್ರೆಯ ಎದುರಿನ ಫುಟ್‌ಪಾತೇ ಗತಿ. ನಿಮ್ಮ ಪೈಕಿ ಯಾರದಾದರೂ ಮನೆ ಅಂಥ ಊರಿನಲ್ಲಿದ್ದರೆ, ಒಂದು ಕೋಣೆಯನ್ನು ಆರು ವಾರ ಬಿಟ್ಟುಕೊಡುವುದು ಆರು ಲಾರಿ ಮೂಸಂಬಿಗಿಂತ ದೊಡ್ಡದು. ಆರು ವಾರ ಏಕೆಂದರೆ, ಬಾಯಿ-ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವುದು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. ಯಂತ್ರದ ಕೆಳಗೆ ಮಲಗುವುದು ದಿನಕ್ಕೆ ಕೆಲವೇ ನಿಮಿಷ, ಆದರೆ ಆ ಕೆಲವು ನಿಮಿಷಕ್ಕಾಗಿ ಊರು ಬಿಟ್ಟು ಕೂರಬೇಕು.

ಈಗ ನಿಮ್ಮ ಮಾಮೂಲಿ ಮಾತಿಗೆ ಬರೋಣ: ‘ಏನಾದ್ರೂ ಬೇಕಾದ್ರೆ ಹೇಳಮ್ಮ, ಸಂಕೋಚ ಪಟ್ಕೋಬೇಡ.’

ಅವಳು ಹೇಳುವುದಿಲ್ಲ. ಹೇಳಬೇಕಾದರೆ ಏನು ಬೇಕು ಎಂದು ಯೋಚಿಸಬೇಕು, ಅದು ಯಾರಿಂದ ಆದೀತು ಎಂದು ಅಳೆಯಬೇಕು, ಫೋನು ಮಾಡಬೇಕು, ನಿಮಗೆ ಬಿಡುವಿಲ್ಲವೆಂದರೆ ಪರವಾಗಿಲ್ಲ ಅನ್ನಬೇಕು, ಮಾಡಿಕೊಟ್ಟರೆ ಋಣ ಹೊರಬೇಕು. ಅದಕ್ಕಿಂತ ತಾನೇ ಓಡಾಡುವುದು ಸಲೀಸು ಅನ್ನಿಸಿಬಿಡುತ್ತದೆ. ಹಾಗಾಗಿ ಕೇಳಬೇಡಿ. ಒಂದು ಕೆಲಸ ಹಿಡಿಯಿರಿ, ಮುಗಿಯುವವರೆಗೆ ಬಿಡಬೇಡಿ. ಯಾವ ಕೆಲಸ ಅನ್ನುವಿರಾದರೆ, ಬೇಕಾದಷ್ಟಿವೆ.

ಕಾಗದಪತ್ರದಿಂದ ಶುರು ಮಾಡಿ. 2018ರಿಂದ ರಾಜ್ಯದಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಎಪಿಎಲ್ ಮನೆಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಹೇಳುವುದಕ್ಕೆ ಇಷ್ಟೇ. ಆದರೆ ಆಧಾರ್‌ನಲ್ಲಿ ‘ಗೌರಮ್ಮ’ ಅಂತಿದ್ದು ರೇಷನ್ ಕಾರ್ಡಿನಲ್ಲಿ ‘ಗೌರವ್ವ’ ಅಂತಿದ್ದರೆ ಒಂದು ವಾರ ಹೋಯಿತು. ಖಾಸಗಿ ಆಸ್ಪತ್ರೆಗೆ ಸೇರಿಸುವುದಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು, ಅದಕ್ಕೆ ಇನ್ನೊಂದು ಓಡಾಟ. ಯೋಜನೆಗೆ ಒಳಪಡದ ಔಷಧವೊಂದನ್ನು ಬರೆದುಕೊಟ್ಟರೆ ಆಸ್ಪತ್ರೆಯಿಂದ ಅಂದಾಜು ಪಟ್ಟಿ ಬರೆಸಿಕೊಂಡು ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬೇಕು. ಇದ್ಯಾವುದಕ್ಕೂ ರೋಗಿಯ ಪಕ್ಕದಲ್ಲಿ ಕೂತಿರುವವಳೇ ಆಗಬೇಕೆಂದಿಲ್ಲ. ನಾಡಕಚೇರಿ, ಸೇವಾ ಸಿಂಧು, ಝೆರಾಕ್ಸ್ ಅಂಗಡಿ ಎಲ್ಲಿದೆ ಎಂದು ಗೊತ್ತಿರುವ ಒಬ್ಬ ಸೋದರಳಿಯ ಸಾಕು. ಅವನ ಕೈಯಲ್ಲಿ ಮೊಬೈಲಿದೆ, ಬೈಕಿದೆ, ಬಹುಶಃ ಪುರುಸೊತ್ತೂ ಇದೆ.

ರೈಲಿನ ವಿಷಯವೂ ಹೀಗೆಯೇ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ. ಬೋಗಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಒಂದು ಸರ್ಟಿಫಿಕೇಟ್ ಬೇಕು. ಅದನ್ನು ಬರೆಸಿ, ಸೀಲು ಹಾಕಿಸಿ, ಕೌಂಟರಿನಲ್ಲಿ ಟಿಕೆಟ್ ಮಾಡಿಸಿ ತಂದುಕೊಟ್ಟರೆ ನೀವು ಆ ತಿಂಗಳಿನ ಅತ್ಯುತ್ತಮ ನೆಂಟರು.

ರಕ್ತದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರಿಗೆ, ಬಲವಾದ ಕೀಮೋ ತೆಗೆದುಕೊಳ್ಳುವವರಿಗೆ ಪ್ಲೇಟ್ಲೆಟ್ ಕುಸಿದು ಒಸಡಿನಿಂದ, ಮೂಗಿನಿಂದ ರಕ್ತ ಬರತೊಡಗಬಹುದು. ಪ್ಲೇಟ್ಲೆಟ್ಟನ್ನು ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ, ಸಾಮಾನ್ಯವಾಗಿ ಅದರ ಆಯುಷ್ಯ ಐದು ದಿನ, ಅದೂ ಕೋಣೆಯ ಉಷ್ಣತೆಯಲ್ಲಿ ಸದಾ ಅಲ್ಲಾಡಿಸುತ್ತ. ಹಾಗಾಗಿ ರಾತ್ರಿ ಹತ್ತಕ್ಕೆ ನರ್ಸ್ ಬಂದು ‘ಬೆಳಗ್ಗೆಯೊಳಗೆ ಡೋನರ್ ಕರ್ಕೊಂಡು ಬನ್ನಿ’ ಅಂದರೆ ಫೈಲು ಹಿಡಿದವಳ ಎದೆ ಧಸಕ್ಕೆನ್ನುತ್ತದೆ. ವಾಟ್ಸ್‌ಆ್ಯಪಿನಲ್ಲಿ ನೀವು ಡೋನರ್ ಬೇಕೆಂಬ ಸಂದೇಶವನ್ನು ಹತ್ತು ಗುಂಪುಗಳಿಗೆ ಫಾರ್ವರ್ಡ್ ಮಾಡಿ ಕೈಮುಗಿಯುವ ಚಿತ್ರ ಹಾಕುತ್ತೀರಿ. ಮೂರು ದಿನ ಬಿಟ್ಟು, ಕೆಲಸ ಮುಗಿದ ಮೇಲೂ, ಯಾರೋ ಗೊತ್ತಿಲ್ಲದವರ ಫೋನು ಬರುತ್ತಲೇ ಇರುತ್ತದೆ.

ಅದರ ಬದಲು ಇವತ್ತೇ ಒಂದು ಪಟ್ಟಿ ಮಾಡಿಡಿ. ಬಂಧುಗಳಲ್ಲಿ, ಆಫೀಸಿನಲ್ಲಿ, ಕ್ರಿಕೆಟ್ ಟೀಮಿನಲ್ಲಿ ಯಾವ ಗುಂಪಿನ ರಕ್ತದವರು ಯಾರು, ಕೊನೆಯ ಸಲ ರಕ್ತ ಕೊಟ್ಟದ್ದು ಯಾವಾಗ. ಮಾಮೂಲಿ ರಕ್ತವಾದರೆ ಗಂಡಸು ಮತ್ತೆ ಕೊಡಲು 90 ದಿನ ಕಾಯಬೇಕು, ಹೆಂಗಸು 120 ದಿನ. ಯಂತ್ರದ ಮೂಲಕ ಪ್ಲೇಟ್ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ಮೈಗೇ ಮರಳಿಸುವ ವಿಧಾನದಲ್ಲಿ ಇಷ್ಟು ಕಾಯಬೇಕಿಲ್ಲ, 48 ಗಂಟೆಯ ಅಂತರವಿದ್ದರೆ ವಾರಕ್ಕೆ ಎರಡು ಸಲದವರೆಗೂ ಕೊಡಬಹುದು. ಆದರೆ ಕೊಡುವವನ ನರ ದಪ್ಪಗಿರಬೇಕು, ಪ್ಲೇಟ್ಲೆಟ್ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು, ಗಂಟೆ-ಒಂದೂವರೆ ಗಂಟೆ ಮಲಗುವ ತಾಳ್ಮೆ ಬೇಕು. ಇನ್ನೊಂದು ಮಾತು ಹಲವರಿಗೆ ಗೊತ್ತಿಲ್ಲ: ಒಡಹುಟ್ಟಿದವರ, ಮಕ್ಕಳ ರಕ್ತವೇ ಶ್ರೇಷ್ಠ ಅನ್ನುವುದು ಸಿನಿಮಾದ ನಂಬಿಕೆ. ಹತ್ತಿರದ ರಕ್ತಸಂಬಂಧಿಯ ರಕ್ತ ಕೊಡುವುದಾದರೆ ಅಪರೂಪದ ಆದರೆ ಭೀಕರವಾದ ಒಂದು ಅಪಾಯ ತಪ್ಪಿಸಲು ಅದನ್ನು ಮೊದಲು ವಿಕಿರಣಕ್ಕೆ ಒಡ್ಡಬೇಕಾಗುತ್ತದೆ. ಆದ್ದರಿಂದ ಮಗ ದುಬೈಯಲ್ಲಿದ್ದಾನೆ ಎಂದು ಹಲುಬುವುದನ್ನು ಬಿಟ್ಟು, ಮಗನ ಗೆಳೆಯರ ನಂಬರ್ ಹುಡುಕಿ.

ಪ್ಲೇಟ್ಲೆಟ್ ಏರಲೆಂದು ಪಪ್ಪಾಯಿ ಎಲೆಯ ರಸ ಕುಡಿಸುವುದು ಇಲ್ಲಿ ಬೇಡ.

ಊಟದ ಕಡೆಗೆ ಬನ್ನಿ. ಕೀಮೋ ಆದ ಮೇಲೆ ಕೆಲವರಿಗೆ ಬಾಯಲ್ಲಿ ಕಬ್ಬಿಣ ಇಟ್ಟುಕೊಂಡಂಥ ರುಚಿ, ಕೆಲವರಿಗೆ ಒಗ್ಗರಣೆಯ ವಾಸನೆ ಬಂದರೇ ವಾಂತಿ. ನೀವು ಪ್ರೀತಿಯಿಂದ ಮಾಡಿ ತಂದ ಮಟನ್ ಸಾರನ್ನು ಅವರು ಮುಟ್ಟದಿದ್ದರೆ ಬೇಸರ ಬೇಡ. ಆ ಸಾರು, ಆ ಮುದ್ದೆ, ಆ ಪಲ್ಯ ಬೇಕಾಗಿರುವುದು ಮನೆಯ ಉಳಿದವರಿಗೆ. ಶಾಲೆಗೆ ಹೋಗುವ ಮಕ್ಕಳಿಗೆ, ಮುದುಕಿ ಅತ್ತೆಗೆ, ನಿಂತಲ್ಲೇ ಬಿಸ್ಕತ್ತು ತಿಂದು ಹೊಟ್ಟೆ ತುಂಬಿಸಿಕೊಳ್ಳುವ ಅವಳಿಗೆ. ಅವಳಿಗೆಂದೇ ಒಂದು ಡಬ್ಬಿ ತಂದವರ ಹೆಸರು ಆ ಮನೆಯಲ್ಲಿ ಇಪ್ಪತ್ತು ವರ್ಷ ನಿಲ್ಲುತ್ತದೆ.

ಬಾಯಿಯ ಕ್ಯಾನ್ಸರಿನವರ ಊಟದ ಕಥೆಯೇ ಬೇರೆ. ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟ ರೈಲ್ಸ್ ಟ್ಯೂಬಿನಲ್ಲಿ 50 ಎಂ.ಎಲ್. ಸಿರಿಂಜ್ ಹಿಡಿದು ಎರಡೆರಡು ಗಂಟೆಗೊಮ್ಮೆ ಗಂಜಿ ಬಿಡಬೇಕು. ರಾಗಿ ಗಂಜಿಯನ್ನು ಮಿಕ್ಸಿಗೆ ಹಾಕಿ ಬಟ್ಟೆಯಲ್ಲಿ ಸೋಸಬೇಕು, ಒಂದು ಚೂರು ಸಿಪ್ಪೆ ಉಳಿದರೂ ನಳಿಕೆ ಕಟ್ಟುತ್ತದೆ. ರೋಗಿಯನ್ನು ಎತ್ತಿ ಕೂರಿಸಬೇಕು, ಅವಸರ ಮಾಡಬಾರದು, ಕೊನೆಗೆ ನೀರು ಬಿಟ್ಟು ನಳಿಕೆ ತೊಳೆಯಬೇಕು, ಆಮೇಲೂ ಅರ್ಧ ಗಂಟೆ ಮಲಗಿಸಬಾರದು. ಇದನ್ನು ಕಲಿಯಲು ನರ್ಸಿನ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಮನೆಯಲ್ಲಿ ಇಬ್ಬರಿಗೆ ಬಂದರೆ ಒಬ್ಬಳು ಒಂದು ಮಧ್ಯಾಹ್ನ ನಿದ್ದೆ ಮಾಡಬಹುದು. ಚಿಕ್ಕಮ್ಮಂದಿರೇ, ನೀವು ಕಲಿಯಿರಿ. ಚಿಕ್ಕಪ್ಪಂದಿರೇ, ನೀವೂ.

ಇನ್ನು ನಿಮ್ಮ ಭೇಟಿಯ ಸಮಯ. ಕೀಮೋ ಕೊಟ್ಟ ಸುಮಾರು 7ರಿಂದ 14 ದಿನಗಳ ನಡುವೆ ಬಹಳ ರೋಗಿಗಳ ಬಿಳಿ ರಕ್ತಕಣ ತಳ ಮುಟ್ಟಿರುತ್ತದೆ. ನಿಮಗೆ ಬರೀ ನೆಗಡಿ, ಅವರಿಗೆ ಅದು ಐಸಿಯು ಆಗಬಹುದು. ಆ ದಿನಗಳಲ್ಲಿ ಜಾತ್ರೆಯಂತೆ ಬರಬೇಡಿ. ಕೆಮ್ಮಿದ್ದರೆ ಬರಲೇಬೇಡಿ, ಅದರಿಂದ ಸಂಬಂಧ ಕೆಡುವುದಿಲ್ಲ. ಅದೇ ದಿನಗಳಲ್ಲಿ ರೋಗಿಯ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಒಂದು ಜ್ವರದ ಮಾತ್ರೆ ನುಂಗಿಸಿ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ, ತಕ್ಷಣ ಆಸ್ಪತ್ರೆ. ಜ್ವರ ಬರುವುದು ರಾತ್ರಿ ಎರಡಕ್ಕೇ ಇರಬಹುದು. ಕಾರಿದ್ದವರು ‘ರಾತ್ರಿ ಎಷ್ಟೊತ್ತಿಗಾದರೂ ಫೋನ್ ಮಾಡು, ಎತ್ತುತ್ತೇನೆ’ ಎಂದು ಹೇಳಿ, ನಿಜಕ್ಕೂ ಫೋನನ್ನು ಸೈಲೆಂಟ್ ಮಾಡದೆ ಮಲಗಿದರೆ, ಅದರ ಮುಂದೆ ಉಳಿದ ಉಡುಗೊರೆಯೆಲ್ಲ ಕಡಿಮೆಯೇ.

ಸಲಹೆಗಳ ಬಗ್ಗೆ ಹೇಳದಿದ್ದರೆ ಪತ್ರ ಪೂರ್ತಿಯಾಗದು. ಲಕ್ಷ್ಮಣಫಲದ ಕಷಾಯ, ಗೋಧಿಹುಲ್ಲಿನ ರಸ, ಗೋಮೂತ್ರ, ಸಕ್ಕರೆ ಬಿಟ್ಟರೆ ಗಂಟು ಒಣಗುತ್ತದೆ ಎಂಬ ವಿಡಿಯೊ, ಸೂಜಿ ಚುಚ್ಚಿ ಬಯಾಪ್ಸಿ ಮಾಡಿದ್ದರಿಂದಲೇ ಹರಡಿತು ಎಂಬ ತೀರ್ಪು. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮರದ ತೊಗಟೆಯ ಔಷಧಕ್ಕೆ ದೇಶದ ಬೇರೆ ಬೇರೆ ಮೂಲೆಗಳಿಂದ ಬಂದವರು ಇಡೀ ರಾತ್ರಿ ಸಾಲಿನಲ್ಲಿ ಕಾಯುತ್ತಿದ್ದುದನ್ನು ಮಲೆನಾಡಿನವರೆಲ್ಲ ನೋಡಿದ್ದಾರೆ. ಆಸೆಯನ್ನು ಗೇಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಕೀಮೋ ಔಷಧಗಳಲ್ಲಿ ಹಲವನ್ನು ಕರಗಿಸಿ ಹೊರಹಾಕುವುದು ಪಿತ್ತಜನಕಾಂಗ ಮತ್ತು ಮೂತ್ರಪಿಂಡ. ಅವುಗಳ ಮೇಲೆ ಕಷಾಯದ ಹೊರೆಯನ್ನೂ ಕದ್ದು ಹೊರಿಸಿದರೆ ರಿಪೋರ್ಟು ಏರುಪೇರಾಗುತ್ತದೆ, ಕೀಮೋ ಮುಂದೆ ಹೋಗುತ್ತದೆ, ಡಾಕ್ಟರು ‘ಬೇರೆ ಏನಾದರೂ ಕೊಡ್ತಿದ್ದೀರಾ’ ಅಂದಾಗ ತಲೆ ತಗ್ಗಿಸುವವಳು ಅವಳು. ಸಲಹೆ ಕೊಟ್ಟ ನೀವು ಆ ಹೊತ್ತಿಗೆ ನಿಮ್ಮ ಅಂಗಡಿಯಲ್ಲಿರುತ್ತೀರಿ. ಕೊಡಲೇಬೇಕೆಂದರೆ ನೀವೇ ಡಾಕ್ಟರ ಮುಂದೆ ಕೂತು ಕೇಳಿ.

ಇದಕ್ಕಿಂತ ಕೆಟ್ಟದ್ದು ಕಾರಣ ಹುಡುಕುವ ಚಟ. ‘ಕಡ್ಡಿಪುಡಿ ಹಾಕ್ತಿದ್ಲಲ್ಲ, ಇನ್ನೇನಾಗುತ್ತೆ.’ ‘ನಾಗರಪ್ರತಿಷ್ಠೆ ಅರ್ಧಕ್ಕೇ ಬಿಟ್ಟಿದ್ರು.’ ಹೊಗೆಸೊಪ್ಪು ಕ್ಯಾನ್ಸರ್ ತರುತ್ತದೆ ಅನ್ನುವುದು ನಿಜ, ಆದರೆ ಅದನ್ನು ಹೇಳುವ ಸಮಯ ಹತ್ತು ವರ್ಷ ಹಿಂದಿತ್ತು, ಆಗ ನೀವೂ ಆ ರೋಗಿಯ ಸಂಚಿಯಿಂದಲೇ ಎಲೆ-ಅಡಿಕೆ ಈಸಿಕೊಳ್ಳುತ್ತಿದ್ದಿರಿ. ತಟ್ಟೆ-ಲೋಟ ಬೇರೆ ಇಡುವವರೂ ಇದ್ದಾರೆ. ಕ್ಯಾನ್ಸರ್ ಅಂಟುವುದಿಲ್ಲ. ಮುಟ್ಟಿ ಮಾತಾಡಿಸಿ.

ರೋಗಿಗೆ ಹೇಳಬೇಕೋ ಬೇಡವೋ? ನೆಂಟರ ಸಭೆಗಳಲ್ಲಿ ಅತಿ ಹೆಚ್ಚು ಚರ್ಚೆಯಾಗುವ ಪ್ರಶ್ನೆ ಇದು, ಆ ಸಭೆಯಲ್ಲಿ ರೋಗಿಯೊಬ್ಬರು ಮಾತ್ರ ಇರುವುದಿಲ್ಲ. ‘ಗಡ್ಡೆ’ ಅಂದುಬಿಡಿ, ‘ಹೊಟ್ಟೆಹುಣ್ಣು’ ಅಂದುಬಿಡಿ ಎಂದು ಹಿರಿಯರು ತೀರ್ಮಾನಿಸುತ್ತಾರೆ. ಅಲ್ಲಿಂದ ಮುಂದೆ ಫೈಲು ಬಚ್ಚಿಡುವುದು, ಮಾತ್ರೆಯ ಚೀಟಿ ಕೀಳುವುದು, ಕ್ಯಾನ್ಸರ್ ಆಸ್ಪತ್ರೆಯ ಬೋರ್ಡು ಕಾಣದ ಹಾಗೆ ಆಟೊ ಇಳಿಸುವುದು ಅವಳ ಪಾಲು. ಕೂದಲು ಉದುರುವ ಹೊತ್ತಿಗೆ ರೋಗಿಗೆ ಎಲ್ಲ ಗೊತ್ತಾಗಿರುತ್ತದೆ. ಇವಳಿಗೆ ನೋವಾಗದಿರಲಿ ಎಂದು ಅವರು ನಟಿಸುತ್ತಾರೆ, ಅವರಿಗೆ ಗೊತ್ತಾಗದಿರಲಿ ಎಂದು ಇವಳು.

ಕನ್ನಡನಾಡು ಈಚೆಗೆ ಎರಡು ದೊಡ್ಡ ಉದಾಹರಣೆ ಕಂಡಿದೆ. ನಟ ಶಿವರಾಜ್‌ಕುಮಾರ್ 2024ರ ಡಿಸೆಂಬರಿನಲ್ಲಿ ಮೂತ್ರಕೋಶದ ಕ್ಯಾನ್ಸರಿಗೆ ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಹೊಸ ವರ್ಷದ ದಿನ ಪತ್ನಿ ಗೀತಾ ಜತೆ ಕ್ಯಾಮೆರಾ ಮುಂದೆ ಕೂತು ಅಭಿಮಾನಿಗಳಿಗೆ ನೇರವಾಗಿ ವಿಷಯ ಹೇಳಿದರು. ಅದಕ್ಕೂ ಮೊದಲು, 2024ರ ಜುಲೈ 11ರಂದು ನಿರೂಪಕಿ ಅಪರ್ಣಾ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ, ನಮ್ಮ ಮೆಟ್ರೊದಲ್ಲಿ ದಿನವೂ ಅವರ ದನಿ ಕೇಳುತ್ತಿದ್ದವರಿಗೆ ಕಾಯಿಲೆಯ ಸುಳಿವೇ ಇರಲಿಲ್ಲ. ಸುಮಾರು ಎರಡು ವರ್ಷ ಅವರು ಅದನ್ನು ಹೊರಗೆ ಬಿಟ್ಟುಕೊಡದೆ ಬದುಕಿದ್ದರು. ಕವಿಯೂ ವಾಸ್ತುಶಿಲ್ಪಿಯೂ ಆದ ಪತಿ ನಾಗರಾಜ ವಸ್ತಾರೆ ಆ ಇಷ್ಟವನ್ನು ಕೊನೆಯವರೆಗೂ ಕಾಪಾಡಿದರು. ಒಬ್ಬರು ಹೇಳಿದರು, ಒಬ್ಬರು ಹೇಳಲಿಲ್ಲ. ತೀರ್ಮಾನ ಎರಡು ಕಡೆಯೂ ಕಾಯಿಲೆ ಅನುಭವಿಸಿದವರದೇ. ಹಳ್ಳಿಯ ಗೌರಮ್ಮನಿಗೂ ಅಷ್ಟು ಹಕ್ಕು ಬೇಡವೇ? ನಿಮ್ಮ ಸಭೆಯನ್ನು ಬರಖಾಸ್ತು ಮಾಡಿ, ‘ನಿಮಗೆ ಎಷ್ಟು ತಿಳಿದುಕೊಳ್ಳಬೇಕು ಅನ್ನಿಸುತ್ತೆ?’ ಎಂದು ಅವರನ್ನೇ ಡಾಕ್ಟರು ಕೇಳಲಿ.

ಈಗ ವಿದೇಶದಲ್ಲಿರುವ ಅಣ್ಣ-ತಮ್ಮಂದಿರಿಗೆ ಒಂದು ಮಾತು. ದೂರದಿಂದ ಕೊನೇ ಗಳಿಗೆಯಲ್ಲಿ ಹಾರಿಬಂದು, ಅಲ್ಲಿಯವರೆಗಿನ ಚಿಕಿತ್ಸೆಯನ್ನೆಲ್ಲ ತಪ್ಪೆಂದು ಸಾರಿ, ‘ಇನ್ನೂ ಏನಾದರೂ ಮಾಡಿ’ ಎಂದು ಡಾಕ್ಟರ ಮೇಲೆ ಏರಿಹೋಗುವ ಸಂತಾನಕ್ಕೆ ಅಮೆರಿಕದ ವೈದ್ಯರ ನಡುವೆ ‘ಕ್ಯಾಲಿಫೋರ್ನಿಯಾದ ಮಗಳು’ ಎಂಬ ಅಡ್ಡಹೆಸರಿದೆ. 1991ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲೇ ಅಚ್ಚಾಯಿತು. ಕ್ಯಾಲಿಫೋರ್ನಿಯಾದ ವೈದ್ಯರು ಮಾತ್ರ ಆಕೆಯನ್ನು ನ್ಯೂಯಾರ್ಕಿನವಳು ಅನ್ನುತ್ತಾರಂತೆ. ದಾವಣಗೆರೆ, ಉಡುಪಿಯಲ್ಲಿ ಅವನು ನ್ಯೂಜೆರ್ಸಿಯ ಮಗ. ಹಣ ಕಳಿಸಿದ್ದೀರಿ, ಸರಿ, ಅದು ಸಣ್ಣ ಮಾತಲ್ಲ. ಆದರೆ ಅಪ್ಪ ವೆಂಟಿಲೇಟರಿನ ಮೇಲೆ ಹೋಗಬೇಕೋ ಬೇಡವೋ ಎಂಬುದನ್ನು ಆರು ತಿಂಗಳು ಅವರ ಬೆನ್ನು ಒರೆಸಿದವಳಿಗಿಂತ ನೀವು ಹೆಚ್ಚು ಬಲ್ಲಿರೆಂದು ಭಾವಿಸಬೇಡಿ. ರಜೆ ಹಾಕಿ ಬರುವುದಾದರೆ ಅಪ್ಪ ಮಾತಾಡುವಷ್ಟು ಚೆನ್ನಾಗಿರುವಾಗ ಬನ್ನಿ, ಎರಡು ವಾರ ಅವಳನ್ನು ತವರಿಗೆ ಕಳಿಸಿ ನೀವೇ ನೋಡಿಕೊಳ್ಳಿ. ಬರಲಾಗದಿದ್ದರೆ, ಮನೆ ಮತ್ತು ಆಸ್ಪತ್ರೆಯ ಸುದ್ದಿಯನ್ನು ದಿನಕ್ಕೊಮ್ಮೆ ಬಳಗದ ಗುಂಪಿಗೆ ಬರೆಯುವ ಹೊಣೆ ಹೊತ್ತುಕೊಳ್ಳಿ. ಅವಳ ಹತ್ತು ಫೋನು ತಪ್ಪುತ್ತದೆ.

ವೆಂಟಿಲೇಟರಿನಂಥ ವಿಷಯ ಕೊನೇ ಗಳಿಗೆಯ ಜಗಳವಾಗದಂತೆ ಕಾನೂನಿನಲ್ಲೂ ದಾರಿಯಿದೆ. ವಾಸಿಯಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ತನಗೆ ಯಂತ್ರಗಳು ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಅದರಂತೆ 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಆದೇಶ ಹೊರಡಿಸಿದೆ. ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ರೋಗಿ ಹುಷಾರಾಗಿರುವಾಗಲೇ ಈ ಮಾತು ಎತ್ತುವ ಧೈರ್ಯ ಮನೆಯವರಿಗೆ ಬರುವುದು ಕಷ್ಟ. ಮನೆಯವರೆಲ್ಲ ಮಾತು ಕೇಳುವ ಒಬ್ಬ ಸೋದರಮಾವ ಎತ್ತಬಹುದು.

ನೋವಿನ ಬಗ್ಗೆ. ‘ಮಾರ್ಫಿನ್ ಶುರು ಮಾಡಿದ್ರಂತೆ, ಮುಗೀತು ಬಿಡು’ ಎಂದು ನೀವು ವರಾಂಡದಲ್ಲಿ ಪಿಸುಗುಟ್ಟುವುದು ಒಳಗೆ ಕೇಳಿಸುತ್ತದೆ. ಅದನ್ನು ಕೇಳಿ ಹೆದರಿ, ಬರೆದುಕೊಟ್ಟ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಮನೆಗಳಿವೆ. ರೋಗಿ ರಾತ್ರಿಯಿಡೀ ನರಳುತ್ತಾರೆ. ತೀವ್ರ ನೋವಿಗೆ ಮಾರ್ಫಿನ್ ಕೊಡುವುದು 1986ರಿಂದ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿಕೊಟ್ಟ ಕ್ರಮ. ಅದು ಸಾವಿನ ಔಷಧವಲ್ಲ, ಅದನ್ನು ತೆಗೆದುಕೊಂಡು ಮದುವೆಗೆ ಹೋಗಿಬಂದವರಿದ್ದಾರೆ. ಸಾಮಾನ್ಯ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ನೋವು ಬರುವ ಮೊದಲೇ ಕೊಡಬೇಕು, ಜತೆಗೆ ಮಲಬದ್ಧತೆಗೆ ಔಷಧ ಕಡ್ಡಾಯ. ಮಾದಕವಸ್ತು ಕಾಯ್ದೆಯ ಬಿಗಿಯಿಂದ ದಶಕಗಳ ಕಾಲ ಆಸ್ಪತ್ರೆಗಳಲ್ಲೂ ಅದು ಸಿಗುವುದು ದುಸ್ತರವಾಗಿತ್ತು, 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಆದರೂ ಊರೂರಿನ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಮಾನ್ಯತೆ ಇರುವ ಆಸ್ಪತ್ರೆಗೇ ಹೋಗಿ ತರಬೇಕು, ಹಬ್ಬ-ಭಾನುವಾರದ ಲೆಕ್ಕ ಹಾಕಿ ಮುಗಿಯುವ ಮೊದಲೇ ತರಬೇಕು. ಇಗೋ, ನಿಮಗೆ ಇನ್ನೊಂದು ಕೆಲಸ.

ವಾಸಿ ಮಾಡುವ ಚಿಕಿತ್ಸೆ ಮುಗಿದ ಮೇಲೂ ಆರೈಕೆ ಮುಗಿಯುವುದಿಲ್ಲ. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1990ರ ದಶಕದಿಂದ ಇಂಥವರನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಿದೆ, ಅವರ ತಂಡ ಮನೆಗೂ ಬರುತ್ತದೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇದೇ ಕೆಲಸ ಮಾಡುತ್ತಿದೆ. ‘ಅನಾಥಾಶ್ರಮಕ್ಕೆ ಬಿಟ್ಟುಬಂದ್ಲು’ ಎಂದು ನೀವು ಆಡಿಕೊಳ್ಳುತ್ತೀರೆಂಬ ಒಂದೇ ಭಯಕ್ಕೆ ಅಲ್ಲಿಗೆ ಹೋಗದೆ ಉಳಿದ ಮನೆಗಳು ಎಷ್ಟೋ. ವ್ರಣಕ್ಕೆ ಡ್ರೆಸ್ಸಿಂಗ್ ಮಾಡುವ ಕೈ, ಹಾಸಿಗೆಹುಣ್ಣು ಆಗದಂತೆ ಮಗ್ಗುಲು ಬದಲಿಸುವ ರೀತಿ, ಉಸಿರು ಕಟ್ಟಿದಾಗ ಏನು ಮಾಡಬೇಕೆಂಬ ತಿಳಿವಳಿಕೆ ಅಲ್ಲಿ ಸಿಗುತ್ತದೆ. ಆಡಿಕೊಳ್ಳುವ ಬದಲು ನೀವೇ ಒಮ್ಮೆ ಹೋಗಿ ನೋಡಿ, ಬಂದು ಅವಳಿಗೆ ಹೇಳಿ.

ಎಲ್ಲ ಮನೆಗಳಲ್ಲೂ ಹೀಗೇ ಕೊನೆಯಾಗುವುದಿಲ್ಲ. ಬೇಗ ಪತ್ತೆಯಾದ ಸ್ತನ ಕ್ಯಾನ್ಸರ್, ಬಾಯಿ ಕ್ಯಾನ್ಸರ್, ಮಕ್ಕಳ ರಕ್ತದ ಕ್ಯಾನ್ಸರ್ ವಾಸಿಯಾಗಿ ಮನೆಗೆ ಬಂದವರು ಬೇಕಾದಷ್ಟು ಮಂದಿ. ಅಂಥ ಮನೆಗಳಲ್ಲೂ ಚಿಕಿತ್ಸೆ ಮುಗಿದ ಮೇಲೆ ವರ್ಷಗಟ್ಟಲೆ ಚೆಕಪ್ ಇರುತ್ತದೆ, ಪ್ರತಿ ರಿಪೋರ್ಟಿನ ಹಿಂದಿನ ರಾತ್ರಿ ನಿದ್ದೆ ಇರುವುದಿಲ್ಲ. ನೀವು ಸಿಹಿ ಹಂಚಿ ಹೊರಟುಹೋಗಿರುತ್ತೀರಿ.

ತೀರಿಕೊಂಡ ಮನೆಗಳಲ್ಲಿ ವೈಕುಂಠ ಸಮಾರಾಧನೆಯ ದಿನ ಜನವೋ ಜನ. ಹದಿನೈದನೇ ದಿನಕ್ಕೆ ಯಾರೂ ಇರುವುದಿಲ್ಲ. ಆಗ ಶುರುವಾಗುತ್ತದೆ ಇನ್ನೊಂದು ಸುತ್ತು: ಮರಣ ಪ್ರಮಾಣಪತ್ರದ ಹತ್ತು ಪ್ರತಿ, ಬ್ಯಾಂಕು, ಪಿಂಚಣಿ, ಬಾಡಿಗೆಗೆ ತಂದ ಆಕ್ಸಿಜನ್ ಸಿಲಿಂಡರ್ ಮತ್ತು ಮಂಚ ಹಿಂದಿರುಗಿಸುವುದು, ಉಳಿದ ಮಾರ್ಫಿನ್ ಮಾತ್ರೆಗಳನ್ನು ಆಸ್ಪತ್ರೆಗೆ ಮರಳಿ ಕೊಡುವುದು, ಕೈಸಾಲದ ಪಟ್ಟಿ. ಅವಳ ಸ್ವಂತ ಬಿ.ಪಿ. ಮಾತ್ರೆ ಎಂದೋ ನಿಂತಿರುತ್ತದೆ, ಮೊಣಕಾಲು ನೋವಿಗೆ ತೋರಿಸಿರುವುದಿಲ್ಲ. ಸತ್ತವರು ಅವಳ ತಾಯಿಯೋ ಅಕ್ಕನೋ ಆಗಿದ್ದು ಕಾಯಿಲೆ ಸ್ತನದ್ದೋ ಅಂಡಾಶಯದ್ದೋ ಆಗಿದ್ದರೆ ಅವಳೂ ಡಾಕ್ಟರನ್ನು ಕಂಡು ಪರೀಕ್ಷೆ ಮಾಡಿಸಿಕೊಳ್ಳಬೇಕಾಗಬಹುದು. ‘ಮಾಡಿಸ್ಕೋ’ ಎಂದು ಫೋನಿನಲ್ಲಿ ಹೇಳಿದರೆ ಅವಳು ಹೋಗುವುದಿಲ್ಲ. ಆಸ್ಪತ್ರೆಯ ಬಾಗಿಲು ಕಂಡರೇ ಅವಳಿಗೆ ಹೊಟ್ಟೆ ತೊಳಸುತ್ತದೆ. ಅಪಾಯಿಂಟ್‌ಮೆಂಟ್ ನೀವೇ ತೆಗೆದುಕೊಳ್ಳಿ, ಬೆಳಗ್ಗೆ ಆಟೊ ತಂದು ಬಾಗಿಲಲ್ಲಿ ನಿಲ್ಲಿಸಿ, ಈ ಸಲ ಫೈಲನ್ನು ನೀವು ಹಿಡಿದುಕೊಳ್ಳಿ.

ಇತಿ,
ಫೈಲು ಹಿಡಿದವರ ಪರವಾಗಿ